ಅರ್ಧ ಗಂಟೆಯನ್ನು ತಿದ್ದಿ ಹೋದ ಅಪ್‌ಡೇಟ್ ಮಹಾಶಯರಿಗೆ

ಮಾನ್ಯ ಸ್ವಯಂಚಾಲಿತ ಅಪ್‌ಡೇಟ್ ಮಹಾಶಯರೇ,

ಬ್ರೋಕನ್ ಹಿಲ್‌ನಿಂದ ನರೆಲ್ ಟ್ರೆಂಬಾತ್ ಎಂಬ ಹೆಂಗಸು ಮಾಡುವ ವಂದನೆಗಳು. ದೇವರ ದಯೆಯಿಂದ ನಾನು, ನನ್ನ ಗಂಡ ರಾಯ್ಸ್, ಎಂಬತ್ತಾರು ವರ್ಷದ ನಮ್ಮ ಅತ್ತೆ ವರ್ನಾ, ಮೂವರೂ ಕ್ಷೇಮವಾಗಿದ್ದೇವೆ. ತಮ್ಮಂಥವರಿಗೆ ನೆಗಡಿ, ಮಂಡಿನೋವು ಇರಲಾರದು. ಆದರೂ ಕೇಳುವುದು ಮರ್ಯಾದೆ, ಕೇಳಿದ್ದೇನೆ.

ಕಳೆದ ಬುಧವಾರ ಮಧ್ಯಾಹ್ನ ನಾನು ಚರ್ಚಿನ ಹೆಂಗಸರ ಜೊತೆ ಬೈಬಲ್ ಓದಲು ಹೋಗಿದ್ದಾಗ, ಅತ್ತೆ ಒಳಗೆ ಮಲಗಿದ್ದಾಗ, ತಾವು ನಮ್ಮ ಮನೆಗೆ ದಯಮಾಡಿಸಿ, ಯಾರನ್ನೂ ಎಬ್ಬಿಸದೆ, ಕುಡಿಯಲು ಒಂದು ಲೋಟ ನೀರನ್ನೂ ಕೇಳದೆ, ಟೀವಿ ಪಕ್ಕದ ರೆಕಾರ್ಡರ್ ಪೆಟ್ಟಿಗೆಯನ್ನು ಉದ್ಧಾರ ಮಾಡಿ ಹೋದಿರಿ. ನಾನು ಬಂದು ನೋಡಿದಾಗ ತೆರೆಯ ಮೇಲೆ 'ನಿಮ್ಮ ಉಪಕರಣ ಈಗ ಮೊದಲಿಗಿಂತ ಉತ್ತಮವಾಗಿದೆ' ಎಂದು ಬರೆದಿತ್ತು. ಮನುಷ್ಯರು ಮೊದಲಿಗಿಂತ ಉತ್ತಮರಾಗಲಿ ಎಂದು ನಾನು ನಲವತ್ತು ವರ್ಷದಿಂದ ಪ್ರಾರ್ಥಿಸುತ್ತಿದ್ದೇನೆ, ಫಲ ಅಷ್ಟಕ್ಕಷ್ಟೆ. ತಾವು ಅರ್ಧ ದಿನದಲ್ಲಿ ಸಾಧಿಸಿದಿರಿ.

ಆದರೆ ನಮ್ಮೂರಿನ ಒಂದು ಸಂಗತಿ ತಮಗೆ ಯಾರೂ ಹೇಳಿದಂತಿಲ್ಲ. ನಾವು ಇರುವುದು ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ. ಗಡಿಯಾರ ಮಾತ್ರ ಪಕ್ಕದ ರಾಜ್ಯದ ಅಡಿಲೇಡ್‌ನದು, ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ. ನಮ್ಮ ತಾತಂದಿರ ಕಾಲದಿಂದ ಹೀಗೇ ನಡೆದುಬಂದಿದೆ. ತಮ್ಮ ಕಂಪನಿಯ ಪೆಟ್ಟಿಗೆಗೆ ಇದು ಒಪ್ಪಿಗೆಯಿಲ್ಲ. ಊರಿನ ಹೆಸರು ಕೊಟ್ಟರೆ ಸಿಡ್ನಿ ಸಮಯ ಇಟ್ಟುಕೊಂಡು ಎಲ್ಲವನ್ನೂ ಅರ್ಧ ಗಂಟೆ ಮೊದಲು ಶುರು ಮಾಡಿ ಅರ್ಧ ಗಂಟೆ ಮೊದಲೇ ಮುಗಿಸುತ್ತದೆ. ಅಡಿಲೇಡ್ ಎಂದು ಸುಳ್ಳು ಹೇಳಿದರೆ ಸಮಯ ಸರಿಹೋಗುತ್ತದೆ, ಆದರೆ ನಮಗೆ ಸಿಗದ ಅಡಿಲೇಡ್ ಚಾನೆಲ್‌ಗಳನ್ನು ಹುಡುಕಿಕೊಂಡು ಕಪ್ಪು ತೆರೆಯನ್ನು ಗಂಟೆಗಟ್ಟಲೆ ಭಕ್ತಿಯಿಂದ ರೆಕಾರ್ಡ್ ಮಾಡುತ್ತದೆ.

ಇದಕ್ಕೆ ಪರಿಹಾರವಾಗಿ ಎದುರು ಮನೆಯ ಕ್ಲೈವ್ ಪ್ಯಾಸ್ಕೋ, ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದವರು, ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವವರು, ಎರಡು ವರ್ಷದ ಹಿಂದೆ ಪೆಟ್ಟಿಗೆಯನ್ನು ಒಳಗಿಂದ ನಡೆಸುವ ತಮ್ಮ ಕಂಪನಿಯ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು, ತೆಗೆದು ಸ್ವತಃ ಕೂತು ತಿದ್ದಿದ ಇನ್ನೊಂದನ್ನು ಹಾಕಿಕೊಟ್ಟಿದ್ದರು. ಅಂದಿನಿಂದ ಪೆಟ್ಟಿಗೆ ನಮ್ಮೂರ ಮನೆಮಗಳಂತೆ ನಡೆದುಕೊಂಡಿತ್ತು. ತಾವು ಅಳಿಸಿ ಹೋದದ್ದು ಅದನ್ನೇ.

ಬೇರೆ ವಾರವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆ ವಾರದ ಭಾನುವಾರ ಮಾತ್ರ ಅದು ಆಗುವ ಮಾತಾಗಿರಲಿಲ್ಲ. ಆರು ತಿಂಗಳ ಹಿಂದೆ ಟೀವಿಯವರು ಬಂದು ನಮ್ಮ ಚರ್ಚಿನ ಹಾಡುಗಾರಿಕೆಯನ್ನು ಚಿತ್ರೀಕರಿಸಿಕೊಂಡು ಹೋಗಿದ್ದರು. ಕೊನೆಯ ಸ್ತುತಿಗೀತೆಯ ಮೂರನೇ ಚರಣ ಅತ್ತೆಯೊಬ್ಬರದೇ. ಅಲ್ಲಿ ಅತ್ತೆಯ ದನಿ ಒಂದು ದಾರಿ, ಕ್ಲೈವ್‌ರ ಆರ್ಗನ್ ಇನ್ನೊಂದು ದಾರಿ ಹಿಡಿದವು. ಅತ್ತೆ ಮೊದಲೇ ಎತ್ತಿಕೊಂಡರೆಂದು ಕ್ಲೈವ್, ಕ್ಲೈವ್ ತಡ ಮಾಡಿದರೆಂದು ಅತ್ತೆ. ಅಂದಿನಿಂದ ಮಾತಿಲ್ಲ. ಅತ್ತೆ ಅರವತ್ತು ವರ್ಷ ನಿಂತ ಜಾಗ ಬಿಟ್ಟು ಹಿಂದಿನ ಬೆಂಚಿಗೆ ಹೋಗಿ ಬಾಯಿ ಮುಚ್ಚಿ ಕೂತರು. "ಟೀವೀಲಿ ಬರಲಿ, ತಪ್ಪು ಯಾರದು ಅಂತ ಊರೇ ನೋಡಲಿ, ಆಮೇಲೆ ಹಾಡ್ತೀನಿ" ಎಂದರು. ಅದು ಬರುವುದೋ ಭಾನುವಾರ ಹನ್ನೊಂದಕ್ಕೆ, ನಾವೆಲ್ಲ ಆರಾಧನೆಯಲ್ಲಿರುವ ಹೊತ್ತಿಗೆ. ನಮ್ಮ ಸಭಾಪಾಲಕರು ಎರಡು ವಾರಕ್ಕೊಮ್ಮೆ ಇನ್ನೂರು ಕಿಲೋಮೀಟರ್ ಕಾರು ಓಡಿಸಿಕೊಂಡು ಬರುವವರು, ಅವರಿಗೆ ಹೊತ್ತು ಬದಲಿಸಿ ಎನ್ನುವುದು ಹೇಗೆ? ಹೀಗೆ ಒಂದು ಚರ್ಚಿನ ಸಮಾಧಾನವೆಲ್ಲ ತಮ್ಮ ಪೆಟ್ಟಿಗೆಯ ಮೇಲೆ ನಿಂತಿತ್ತು.

ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಹುಡುಗಿಯ ದನಿ ಜೇನಿನಂತಿತ್ತು. "ಬ್ರೋಕನ್ ಹಿಲ್ ನ್ಯೂ ಸೌತ್ ವೇಲ್ಸಲ್ಲೇ ಇದೆಯಲ್ವಾ ಮೇಡಂ? ಹಾಗಿದ್ರೆ ಪೆಟ್ಟಿಗೆ ಸಮಯ ಸರಿಯಾಗೇ ಇದೆ" ಎಂದಳು. ಅಂದರೆ ತಪ್ಪಿರುವುದು ಊರು. ಊರನ್ನು ಬಿಚ್ಚಿ ಮತ್ತೆ ಜೋಡಿಸುವ ವಿಧಾನ ತಮ್ಮ ಕೈಪಿಡಿಯಲ್ಲಿದ್ದರೆ ದಯವಿಟ್ಟು ಪುಟದ ಸಂಖ್ಯೆ ತಿಳಿಸಿ.

ಕೊನೆಗೆ ಕ್ಲೈವ್‌ರನ್ನೇ ಕರೆದೆ. ಆರು ತಿಂಗಳ ಮೇಲೆ ಅವರು ನಮ್ಮ ಹೊಸ್ತಿಲು ತುಳಿದರು. ಅತ್ತೆ ಚಹಾದ ಬಟ್ಟಲು ಎತ್ತಿಕೊಂಡು ತಮ್ಮ ಕೋಣೆಗೆ ಹೋದರು, ಬಾಗಿಲು ಮಾತ್ರ ಹಾಕಲಿಲ್ಲ. ಕ್ಲೈವ್ ಪೆನ್‌ಡ್ರೈವ್ ಚುಚ್ಚಿದರು, ಪೆಟ್ಟಿಗೆ ಒಪ್ಪಲಿಲ್ಲ. ತಂತಿ ಕಿತ್ತು, ಗುಂಡಿ ಒತ್ತಿ ಹಿಡಿದು, ಇಪ್ಪತ್ತರವರೆಗೆ ಎಣಿಸಿ ಮತ್ತೆ ಚುಚ್ಚಿದರು.

"ಹೊತ್ತಿಗೆ ಸರಿಯಾಗಿ ಬೆರಳು ಆಡಿಸೋಕೆ ಬರದವರು ಗಡಿಯಾರ ರಿಪೇರಿ ಮಾಡ್ತಾರಂತೆ" ಎಂದು ಕೋಣೆಯಿಂದ ದನಿ ಬಂತು.

"ಈ ಪೆಟ್ಟಿಗೆ ಕಾಯಿಲೆ ನಂಗೆ ಹೊಸದಲ್ಲ ನರೆಲ್" ಎಂದು ಕ್ಲೈವ್ ನನಗೆ ಹೇಳಿದರು, ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ. "ಎಲ್ಲರಿಗಿಂತ ಮುಂಚೆ ಶುರು ಮಾಡುತ್ತೆ, ತಪ್ಪು ಅಂದ್ರೆ ಒಪ್ಪಲ್ಲ."

ಗುರುವಾರ ಸಂಜೆಗೆ ಅವರ ಫರ್ಮ್‌ವೇರ್ ಒಳಗೆ ಕೂತಿತು. ಶುಕ್ರವಾರ ತಾವು ಮತ್ತೆ ದಯಮಾಡಿಸಿ ಮತ್ತೆ ಉತ್ತಮಪಡಿಸಿದಿರಿ. ಒಂದೇ ವಾರದಲ್ಲಿ ಎರಡು ಸಲ. ನಮ್ಮ ನೆಂಟರು ಯಾರೂ ಇಷ್ಟು ವಿಶ್ವಾಸ ಇಟ್ಟುಕೊಂಡಿಲ್ಲ. ಆಗ ಕ್ಲೈವ್ ಬಂದು ಇಂಟರ್ನೆಟ್ ತಂತಿಯನ್ನೇ ಕಿತ್ತು, ಪೆಟ್ಟಿಗೆಯ ಗಡಿಯಾರವನ್ನು ಕೈಯಿಂದಲೇ ಅರ್ಧ ಗಂಟೆ ಹಿಂದಕ್ಕೆ ಇಟ್ಟು ಹೋದರು.

ಆಮೇಲೆ ನಡೆದ ತಪ್ಪು ತಮ್ಮದಲ್ಲ, ನಮ್ಮೂರವರಿಗೆ ಮಾತ್ರ ಬರುವಂಥದ್ದು. ಸಿಡ್ನಿ ಸಮಯ ಎಂದು ಕಿವಿಗೆ ಬಿದ್ದರೆ ಸಾಕು, ನಾವು ಕೈಗಡಿಯಾರವನ್ನೂ ನೋಡದೆ ಅದರಿಂದ ಅರ್ಧ ಗಂಟೆ ಕಳೆದುಬಿಡುತ್ತೇವೆ. ಮಗುವಾಗಿದ್ದಾಗಿನಿಂದ ಬಂದ ಅಭ್ಯಾಸ. ಶನಿವಾರ ರಾಯ್ಸ್ ಯಾರಿಗೂ ಹೇಳದೆ ಪೆಟ್ಟಿಗೆಯನ್ನು ಅರ್ಧ ಗಂಟೆ ಹಿಂದಿಟ್ಟರು. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಡುವ ಗಡಿಬಿಡಿಯಲ್ಲಿ, ಸ್ಯಾಂಡ್‌ವಿಚ್ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ನಾನೂ ಅರ್ಧ ಗಂಟೆ ಹಿಂದಿಟ್ಟೆ. ಒಂದು ಅರ್ಧ ಗಂಟೆ ಸಾಕಾಗಿದ್ದ ಕಡೆ ಮೂರು.

ಅತ್ತೆ ಅಂದು ಚರ್ಚಿಗೆ ಬರಲಿಲ್ಲ. "ಮಂಡಿ ಹಿಡ್ಕೊಂಡಿದೆ, ನೀವು ಹೋಗಿ" ಎಂದರು. ಅರವತ್ತು ವರ್ಷದಲ್ಲಿ ಮೊದಲ ಸಲ ಆ ಮಂಡಿ ಭಾನುವಾರ ನೋಡಿಕೊಂಡು ನೋವು ತಂದುಕೊಂಡಿತ್ತು.

ಆರಾಧನೆ ಮುಗಿಸಿ ಹನ್ನೆರಡು ಜನ ನಮ್ಮ ಮನೆಗೆ ಬಂದರು. ತಟ್ಟೆಗಳು ತುಂಬಿದವು. ಕ್ಲೈವ್ ಬಾಗಿಲ ಹತ್ತಿರ ನಿಂತೇ ಇದ್ದರು. ಕಾರ್ಯಕ್ರಮ ಮುಗಿದುಹೋಗಿದ್ದರೂ ಪೆಟ್ಟಿಗೆ ಇನ್ನೂ ಕೆಂಪು ದೀಪ ಹೊತ್ತಿಸಿಕೊಂಡು ರೆಕಾರ್ಡ್ ಮಾಡುತ್ತಲೇ ಇತ್ತು. ರಾಯ್ಸ್ ರೆಕಾರ್ಡ್ ಆದದ್ದನ್ನು ಮೊದಲಿನಿಂದ ಹಾಕಿದರು. ತೆರೆಯ ಮೇಲೆ ಒಬ್ಬ ಗಂಡಸು ಸೊಂಟದ ಮಟ್ಟ ನೀರಲ್ಲಿ ನಿಂತು ಮೀನಿನ ಗಾಳಕ್ಕೆ ಹುಳ ಚುಚ್ಚುವುದನ್ನು ಹೇಳಿಕೊಡುತ್ತಿದ್ದ.

"ಇದೇನ್ ಮಾರಾಯ, ನಮ್ ಸಭಾಪಾಲಕರು ಇಷ್ಟು ಒದ್ದೆ ಇರಲಿಲ್ವಲ್ಲ" ಎಂದರು ರಾಯ್ಸ್. ಎಲ್ಲರ ಕಣ್ಣು ಅತ್ತೆಯ ಕಡೆ. ಹನ್ನೊಂದಕ್ಕೆ ಮನೆಯಲ್ಲಿ ಟೀವಿ ಮುಂದೆ ಕೂತು ನೋಡಿದವರು ಅವರೊಬ್ಬರೇ. ಏನು ಹೇಳಿದರೂ ಇಲ್ಲವೆನ್ನುವವರು ಇರಲಿಲ್ಲ.

ಅತ್ತೆ ಬಟ್ಟಲು ಕೆಳಗಿಟ್ಟರು. "ನೋಡ್ದೆ" ಎಂದರು. "ಕ್ಲೈವ್, ತಪ್ಪು ನಂದೇ ಕಣಪ್ಪ. ನಾನೇ ಮುಂಚೆ ಎತ್ಕೊಂಡ್ಬಿಟ್ಟೆ. ನಿಂದು ಸರಿಯಾಗೇ ಇತ್ತು."

ಕ್ಲೈವ್ ಮೀನಿನವನ ಕಡೆಯಿಂದ ತಿರುಗಿ ಅತ್ತೆಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, "ನಾನೂ ಸ್ವಲ್ಪ ನಿಧಾನ ಮಾಡಿದ್ದೆ ವರ್ನಾ. ಮುಂದಿನ ಭಾನುವಾರ ನೀವು ಎತ್ಕೊಳ್ಳಿ, ನಾನು ಹಿಂದೆ ಬರ್ತೀನಿ" ಎಂದರು. ಅತ್ತೆ ಅವರ ತಟ್ಟೆಗೆ ತೆಂಗಿನ ತುರಿ ಹಚ್ಚಿದ ಎರಡು ಲ್ಯಾಮಿಂಗ್ಟನ್ ಕೇಕ್ ಹಾಕಿದರು, ಒಂದೇ ಸಾಕೆಂದರೂ.

ಆದ್ದರಿಂದ ಮಹಾಶಯರೇ, ದೂರು ಕೊಡಲು ಕೂತವಳು ಏನು ಕೇಳಬೇಕೋ ತಿಳಿಯದೆ ಕೂತಿದ್ದೇನೆ. ಇನ್ನು ಮುಂದೆ ಬರುವಾಗ ಬಾಗಿಲು ತಟ್ಟಿ. ಬಂದಮೇಲೆ ಕೂತು ಚಹಾ ಕುಡಿದು, ಏನು ತೆಗೆಯುತ್ತೀರೆಂದು ಹೇಳಿ ತೆಗೆಯಿರಿ. ಸಾಧ್ಯವಾದರೆ ಸಿಡ್ನಿಯನ್ನೇ ಅರ್ಧ ಗಂಟೆ ಹಿಂದಕ್ಕೆ ಇಡಿಸಿ. ಅವರಿಗೆ ಅಂಥ ಅವಸರವೇನಿದೆ?

ಬಾಗಿಲ ಅಗುಳಿ ಹಾಕಿಕೊಂಡೇ ಇರುವ,
ತಮ್ಮ ವಿಶ್ವಾಸಿ,
ನರೆಲ್ ಟ್ರೆಂಬಾತ್

ತಾ.ಕ.: ಸೋಮವಾರ ಅಡಿಲೇಡ್‌ನಿಂದ ನಾದಿನಿ ಫೋನ್ ಮಾಡಿದ್ದಳು. "ಕಾರ್ಯಕ್ರಮ ಚೆನ್ನಾಗಿತ್ತು ಕಣೇ, ಆದ್ರೆ ಅಮ್ಮ ಹಾಡೋ ಚರಣಾನೇ ಹಾರಿಸಿಬಿಟ್ಟಿದ್ದಾರಲ್ಲ, ಎರಡಾದ್ಮೇಲೆ ನೇರ ನಾಲ್ಕು" ಎಂದಳು. ಇದನ್ನು ನಾನು ಕಣ್ಣಾರೆ ನೋಡಿದ್ದ ಅತ್ತೆಗೂ ಹೇಳಿಲ್ಲ, ಕ್ಲೈವ್‌ಗೂ ಹೇಳಿಲ್ಲ, ಹೇಳುವುದೂ ಇಲ್ಲ. ಇಷ್ಟು ದೊಡ್ಡ ಗುಟ್ಟನ್ನು ಬಹಿರಂಗ ಪತ್ರದಲ್ಲಿ ಬರೆಯಬಹುದೇ ಎಂದು ತಾವು ಕೇಳಬಹುದು. ಈ ಪತ್ರವನ್ನು ಹಾಕುತ್ತಿರುವುದು ತಮ್ಮ ಕಂಪನಿಯ ಗ್ರಾಹಕರ ದೂರು ಪುಟದಲ್ಲಿ. ಅಲ್ಲಿ ಏನು ಬರೆದರೂ ಒಂದು ನರಪಿಳ್ಳೆಯೂ ಓದುವುದಿಲ್ಲವೆಂದು ಈ ಒಂದು ವಾರದಲ್ಲಿ ನನಗೆ ಖಾತ್ರಿಯಾಗಿದೆ.