ಬಾಪ್ಪುವಿನ ಬೈರಾಸು

ಆಗ ನನಗೆ ಇಪ್ಪತ್ತಮೂರು. ಅದಾಗಿ ಅರವತ್ತು ವರ್ಷ ಕಳೆಯಿತು. ಆ ಕಾಲದಲ್ಲಿ ಯಾರಾದರೂ ದೇವರ ಹತ್ತಿರ ಹೋಗಿ ನಾನು ಹೇಗಿದ್ದೇನೆ ಎಂದು ಕೇಳಿದ್ದರೆ ಅವನು ಖಂಡಿತ ಹೀಗೆ ಹೇಳುತ್ತಿದ್ದ: "ಓ, ಬೆಳ್ಮಣ್ಣಿನ ಆ ಹೆಂಗಸಾ? ಗೊತ್ತುಂಟು. ಪೊದೆ ಮೀಸೆ, ಬೋಳು ತಲೆ, ಮೈಯೆಲ್ಲ ಬೀಡಿ ವಾಸನೆ!" ದೇವರದ್ದು ತಪ್ಪಲ್ಲ. ಎರಡು ವರ್ಷ ದಿನಾ ಸಂಜೆ ನನ್ನ ಹೆಸರಿನಲ್ಲಿ ಅವನ ಮುಂದೆ ಮೊಣಕಾಲೂರಿದ್ದು ನಾನಲ್ಲ, ನನ್ನ ಗಂಡನ ಚಿಕ್ಕಪ್ಪ!

ಚಿಕ್ಕಪ್ಪನಿಗೆ ನಮ್ಮ ಕೊಂಕಣಿಯಲ್ಲಿ ಬಾಪ್ಪು ಎನ್ನುತ್ತೇವೆ. ಅವರು ಊರಿಗೆಲ್ಲ ಬಾಪ್ಪುವೇ. ವಯಸ್ಸು ಅರವತ್ತು, ಮದುವೆ ಆಗಿರಲಿಲ್ಲ, ಮದುವೆಗಳಲ್ಲಿ ಬ್ಯಾಂಡು ಊದುವುದು ಕೆಲಸ. "ಬೇರೆಯವರ ಮದುವೆಗೆ ಊದಿ ಊದಿ ನನ್ನದಕ್ಕೆ ಉಸಿರೇ ಉಳಿಯಲಿಲ್ಲ" ಎನ್ನುತ್ತಿದ್ದರು. ಹೆಗಲ ಮೇಲೆ ಯಾವಾಗಲೂ ಒಂದು ಕೆಂಪು ಬೈರಾಸು. ನೀವು ಟವೆಲು ಅನ್ನುತ್ತೀರಲ್ಲ, ಅದೇ. ಮೈ ಒರೆಸಲಿಕ್ಕೆ ಅಂದುಕೊಂಡಿರಾ? ಬಸ್ಸಿನಲ್ಲಿ ಸೀಟು ಹಿಡಿಯಲಿಕ್ಕೆ!

ಕಾರ್ಕಳದಲ್ಲಿ ಉಡುಪಿ ಬಸ್ಸು ಸರಿಯಾಗಿ ನಿಲ್ಲುವ ಮೊದಲೇ ಬಾಪ್ಪುವಿನ ಬೈರಾಸು ಕಿಟಕಿಯಿಂದ ಹಾರಿ ಸೀಟಿನ ಮೇಲೆ ಬಿದ್ದಿರುತ್ತಿತ್ತು. ತಮಗಾಗಿ ಅಲ್ಲ. ಬಸುರಿ ಕಂಡರೆ ಅವಳಿಗೆ, ಮುದುಕ ಕಂಡರೆ ಅವನಿಗೆ. ಯಾರೂ ಕಾಣದಿದ್ದರೆ? ಮುಂದಿನ ಸ್ಟಾಪಿನಲ್ಲಿ ಯಾರಾದರೂ ಹತ್ತಬಹುದಲ್ಲ, ಅವರಿಗೆ! ಒಮ್ಮೆ ಬೈರಾಸು ಒಳಗೆ ಬಿತ್ತು, ಬಾಪ್ಪು ಹೊರಗೆ ನಿಂತು ಬೀಡಿ ಹಚ್ಚಿದರು, ಬಸ್ಸು ಹೊರಟೇ ಹೋಯಿತು. ಬೈರಾಸು ಒಂದೇ ಕೂತು ಉಡುಪಿ ನೋಡಿ ಬಂತು. ಸಂಜೆ ಕಂಡಕ್ಟರು ಅದನ್ನು ಹಿಂದೆ ಕೊಟ್ಟು, "ಜನ ನಿಂತುಕೊಂಡೇ ಬಂದರು ಮಾರಾಯ್ರೇ, ಇದನ್ನು ಎತ್ತಿ ಕೂರಲಿಕ್ಕೆ ಯಾರಿಗೂ ಧೈರ್ಯ ಇಲ್ಲ" ಎಂದನಂತೆ.

"ಮತ್ತೆ? ಹಿಡಿದದ್ದು ಅಂದರೆ ಹಿಡಿದದ್ದೇ" ಎಂದರು ಬಾಪ್ಪು.

ಇನ್ನು ನಗು ಇಲ್ಲದ ಒಂದು ಮಾತು ಉಂಟು. ಬೇಗ ಹೇಳಿ ಮುಗಿಸುತ್ತೇನೆ. ನನ್ನ ಚೊಚ್ಚಲ ಮಗು ಹೆಣ್ಣು, ಮನೆಯಲ್ಲೇ ಹುಟ್ಟಿತು. ನಾಲ್ಕು ಉಸಿರು ತೆಗೆದು, ಯಾರಾದರೂ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡುವ ಮೊದಲೇ ಹೋಯಿತು. ಜ್ಞಾನಸ್ನಾನ ಆಗದ ಮಗುವಿಗೆ ಇಗರ್ಜಿಯ, ಅಂದರೆ ಚರ್ಚಿನ, ಸ್ಮಶಾನದೊಳಗೆ ಜಾಗ ಇಲ್ಲ, ಆಗಿನ ನಿಯಮ ಹಾಗೆ. ಗೋಡೆಯಾಚೆ, ಗೇರುಮರದ ಬುಡದಲ್ಲಿ ಹೂಳಿದರು. ಪಾದ್ರಿಗಳು ಕೆಟ್ಟವರಲ್ಲ, ನಿಯಮ ಅವರು ಮಾಡಿದ್ದಲ್ಲ. ಆದರೆ ನಾನು ದೇವರಿಗೆ ಹೇಳಿಬಿಟ್ಟೆ: ನನ್ನ ಮಗುವಿಗೆ ನಿನ್ನ ಅಂಗಳದಲ್ಲಿ ಎರಡು ಗೇಣು ಜಾಗ ಇಲ್ಲವಾ? ಹಾಗಾದರೆ ನನ್ನ ಬಾಯಿಯಲ್ಲಿ ನಿನಗೂ ಜಾಗ ಇಲ್ಲ. ಇಗರ್ಜಿಗೆ ಹೋಗುವುದು ಬಿಟ್ಟೆ. ಸಂಜೆಯ ತೇರ್ಸನ್ನೂ ಬಿಟ್ಟೆ.

ತೇರ್ಸ್ ಎಂದರೆ ಮನೆಮಂದಿ ಚಾಪೆ ಹಾಸಿ ಕೂತು ಮಾಡುವ ಜಪಮಾಲೆ. ಹತ್ತು ಹತ್ತು ಮಣಿಗಳ ಐದು ಪಾಲು, ಮಣಿಗೊಂದು ನಮಾನ್ ಮರಿಯೆ, ಅಂದರೆ ಮೇರಿ ಮಾತೆಗೆ ವಂದನೆ. ಒಂದೊಂದು ಪಾಲನ್ನು ಒಬ್ಬೊಬ್ಬರು ಹೇಳಬೇಕು, ಉಳಿದವರು ಉತ್ತರ ಕೊಡಬೇಕು. ನಮ್ಮ ಮನೆಯಲ್ಲಿ ಮೊದಲಿನದ್ದೂ ಕೊನೆಯದ್ದೂ ಅತ್ತೆಯದು, ಎರಡನೆಯದು ಗಂಡನದು, ಮೂರನೆಯದು ನನ್ನದು, ನಾಲ್ಕನೆಯದು ಬಾಪ್ಪುವಿನದು.

ನಾನು ಬಿಟ್ಟ ಮೊದಲ ಸಂಜೆ ಅಡುಗೆಮನೆಯಲ್ಲಿ ಬೇಕೆಂದೇ ಗುಡುಗುಡು ಎಂದು ಮಸಾಲೆ ಕಡೆಯುತ್ತಿದ್ದೆ. ಮೂರನೆಯ ಪಾಲು ಬಂತು. ಹೇಳಬೇಕಾದವಳು ನಾನು. ಆಚೆ ಕೀರಲು ಸ್ವರವೊಂದು ಶುರುವಾಯಿತು: "ನಮಾನ್ ಮರಿಯೆ..." ನನ್ನ ಕೈ ಕಲ್ಲಿನ ಮೇಲೆ ನಿಂತೇಹೋಯಿತು. ಅದು ನನ್ನ ಸ್ವರ! ಅದೇ ಮೂಗು, ಅದೇ ಅವಸರ!

"ಎಂತ ನಾಟಕ ಇದು, ದೇವರ ಎದುರು?" ಎಂದು ಅತ್ತೆ ರೇಗಿದರು.

"ನಾಟಕ ಅಲ್ಲ ಅತ್ತಿಗೆ, ಇದು ಅವಳ ಪಾಲು. ನೀವು ಉತ್ತರ ಕೊಡಿ."

ನಾನು ಒಳಗಿನಿಂದಲೇ ಕೂಗಿದೆ: "ನಾನು ಅಷ್ಟು ಮೂಗಿನಲ್ಲಿ ಹೇಳುವುದಿಲ್ಲ!"

"ಹಾಗಾದರೆ ಬಂದು ಹೇಳಿಕೊಡು ಮಾರಾಯ್ತಿ!"

ಹೋಗಲಿಲ್ಲ. ಮಸಾಲೆ ನುಣ್ಣಗಾಗಿ ಗಂಧದ ಹಾಗೆ ಆಯಿತು, ಆದರೂ ಹೋಗಲಿಲ್ಲ.

ಅಷ್ಟಕ್ಕೇ ಮುಗಿಯಿತಾ? ತೇರ್ಸ್ ಆದಮೇಲೆ ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಕೇಳುವುದು ನಮ್ಮ ಕ್ರಮ. ಕೇಳಿದವರಿಗೆ ಇಲ್ಲ ಎನ್ನುವ ಹಾಗಿಲ್ಲ. ಬಾಗಿಲಲ್ಲಿ ಇಣುಕಿದರೆ, ಬಾಪ್ಪು ಬೈರಾಸನ್ನು ಸೆರಗಿನ ಹಾಗೆ ತಲೆಗೆ ಹಾಕಿ ಅತ್ತೆಯ ಮುಂದೆ ಬಗ್ಗಿದರು. ಅತ್ತೆಗೆ ದಿನಾ ನನಗೆ ಹೇಳಿ ಅಭ್ಯಾಸ. ಕಣ್ಣುಮುಚ್ಚಿ ಹೇಳಿಯೇಬಿಟ್ಟರು: "ಬೇಗ ತೊಟ್ಟಿಲು ತೂಗು, ಮಗಾ." ಅರವತ್ತರ ಬ್ರಹ್ಮಚಾರಿಗೆ!

"ಆಮೆನ್" ಎಂದರು ಬಾಪ್ಪು, ನನ್ನ ಸ್ವರದಲ್ಲಿ.

ಮಗು ಹೋದಮೇಲೆ ನನಗೆ ಮೊದಲ ಸಲ ನಗು ಬಂದದ್ದು ಆಗ. ಸೆರಗು ಕಚ್ಚಿ ನುಂಗಿಕೊಂಡೆ.

ಈಸ್ಟರಿಗೆ ಮೊದಲಿನ ಉಪವಾಸದ ನಲವತ್ತು ದಿನ ಬಂದಾಗ ಅವರು ತಮ್ಮ ಲೆಕ್ಕಕ್ಕೆ ಬೀಡಿ ಬಿಟ್ಟರು, ನನ್ನ ಲೆಕ್ಕಕ್ಕೆ ಮೀನು ಬಿಟ್ಟರು. ನಾನು ಕಾಪುವಿನಲ್ಲಿ ಕಡಲ ಬದಿಗೆ ಹುಟ್ಟಿದವಳು, ಮೀನು ಬಿಡುವವಳಲ್ಲ. ಅವರ ಎದುರೇ ಕೂತು ಬಂಗುಡೆ ತಿಂದೆ. ಅವರು ಗಂಜಿಗೆ ಉಪ್ಪಿನಕಾಯಿ ನೆಕ್ಕುತ್ತಾ, "ನಿನ್ನ ಉಪವಾಸ ಚೆನ್ನಾಗಿ ನಡೆಯುತ್ತಾ ಉಂಟು, ಅಲ್ವಾ?" ಎಂದು ಕೇಳಿದರು!

ಕೊನೆಗೆ ನನ್ನ ಪಾಪನಿವೇದನೆಗೂ ಹೋದರಂತೆ. ಜಾಲರಿಯ ಮುಂದೆ ಮೊಣಕಾಲೂರಿ, "ಅತ್ತೆಗೆ ಎದುರು ಮಾತಾಡಿದೆ ಫಾದರ್" ಎಂದರಂತೆ.

"ಅತ್ತೆ? ನಿನಗೆ ಯಾವ ಅತ್ತೆ?"

"ನನ್ನದು ಆಮೇಲೆ ಹೇಳುತ್ತೇನೆ ಫಾದರ್. ಇದು ಮನೆಯ ಸೊಸೆಯದು."

"ಅವರವರ ಪಾಪ ಅವರವರೇ ಹೇಳಬೇಕು. ಏಳು!"

"ಅವಳಲ್ಲಿ ಪಾಪ ಇಲ್ಲ, ಸಿಟ್ಟು ಮಾತ್ರ. ಸಿಟ್ಟಿಗೆ ಎಂತ ಪ್ರಾಯಶ್ಚಿತ್ತ ಉಂಟು ಫಾದರ್?"

ಇದು ಕೇಳಿ ನನಗೆ ತಲೆ ಕೆಟ್ಟಿತು. "ನಾನು ಬೇಡ ಎಂದು ಬಿಟ್ಟದ್ದು. ನಿಮಗೆ ಎಂತ ಅಗತ್ಯ? ನಾನು ಇನ್ನು ಬರುವವಳೇ ಅಲ್ಲ."

ಬಾಪ್ಪು ಬೈರಾಸು ಕೊಡವಿ ಹೆಗಲಿಗೆ ಹಾಕಿಕೊಂಡರು. "ಬರುತ್ತೀಯಾ ಇಲ್ಲವಾ, ಅದು ನಿನಗೆ ಬಿಟ್ಟದ್ದು ಮಾರಾಯ್ತಿ. ನಾನು ಸೀಟು ಹಿಡಿಯುವವ ಮಾತ್ರ."

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಅವರ ಗಂಟಲಲ್ಲಿ ಗಡ್ಡೆ ಕಂಡಿತು. ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಕೊಯ್ದು ತೆಗೆದರು. ಜೀವ ಉಳಿಯಿತು, ಸ್ವರ ಹೋಯಿತು. ಬ್ಯಾಂಡಿನವನಿಗೆ ಉಸಿರು ಹೋದರೆ, ಮಾತಿನ ಮಲ್ಲನಿಗೆ ಸ್ವರ ಹೋದರೆ ಉಳಿಯುವುದು ಎಂತ? ಬೈರಾಸು ಉಳಿದಿತ್ತು.

ಮನೆಗೆ ಬಂದ ದಿನವೇ ಸಂಜೆ ಅದನ್ನು ಚಾಪೆಯ ಮೇಲೆ ನನ್ನ ಜಾಗದಲ್ಲಿ ಹಾಸಿ, ಪಕ್ಕದಲ್ಲಿ ಕೂತರು. ನಾನು ಎಂದಿನ ಹಾಗೆ ಕಲ್ಲಿನ ಮುಂದೆ. ಅತ್ತೆಯದು ಮುಗಿಯಿತು, ಗಂಡನದು ಮುಗಿಯಿತು. ಮೂರನೆಯದಕ್ಕೆ ಸ್ವರ ಇಲ್ಲ. ಬಾಗಿಲ ಸಂದಿಯಿಂದ ನೋಡಿದೆ. ಬಾಪ್ಪುವಿನ ತುಟಿ ಅಲ್ಲಾಡುತ್ತಿತ್ತು. ಪಟ್ಟಿ ಕಟ್ಟಿದ ಕತ್ತಿನ ನರ ಹಗ್ಗದ ಹಾಗೆ ಎದ್ದಿತ್ತು. ಗಾಳಿ ಬಿಟ್ಟರೆ ಏನೂ ಹೊರಡಲಿಲ್ಲ. ಆದರೂ ಬೆರಳು ಒಂದು ಮಣಿ ಮುಂದೆ ಸರಿಯಿತು. ಮತ್ತೆ ತುಟಿ, ಮತ್ತೆ ಗಾಳಿ. ಮುಂದಿನ ಪಾಲು ಅವರ ಸ್ವಂತದ್ದು, ಇದ್ದಷ್ಟು ಉಸಿರನ್ನು ಅದಕ್ಕೆ ಉಳಿಸಿಕೊಳ್ಳಬಹುದಿತ್ತು. ಮನುಷ್ಯ ಅದನ್ನು ನನ್ನ ಪಾಲಿಗೆ ಸುರಿಯುತ್ತಿದ್ದರು.

ಮೆಣಸು ಮೆತ್ತಿದ ಕೈಯಲ್ಲೇ ಹೋದೆ. ಬೈರಾಸು ಎತ್ತಿ ಕೂತೆ. "ನಮಾನ್ ಮರಿಯೆ" ಎಂದೆ. ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರೆಂದಿತು ಗಂಟಲು. ಬಾಪ್ಪು ನನ್ನನ್ನು ನೋಡಿ, ತಮ್ಮ ಮೂಗು ಹಿಂಡಿ ತೋರಿಸಿದರು. ಇನ್ನೂ ಮೂಗಿನಲ್ಲಿ ಬರಬೇಕಂತೆ!

ನನ್ನದು ಮುಗಿಯಿತು. ನಾಲ್ಕನೆಯದಕ್ಕೆ ಎಲ್ಲರೂ ತಲೆ ತಗ್ಗಿಸಿದರು. ನಾನು ಬೈರಾಸನ್ನು ಹೆಗಲಿಗೆ ಹಾಕಿ, ಬೀಡಿ ಕೆಮ್ಮು ಎರಡು ಕೆಮ್ಮಿ, ಗಡಸು ಸ್ವರದಲ್ಲಿ ಶುರುಮಾಡಿದೆ. ಅತ್ತೆ ಈ ಸಲ ನಾಟಕ ಎನ್ನಲಿಲ್ಲ, ಉತ್ತರ ಕೊಟ್ಟರು. ಬಾಪ್ಪುವಿನ ಹೆಗಲು ಕುಣಿಯುತ್ತಿತ್ತು. ನಗಲಿಕ್ಕೆ ಸ್ವರ ಇಲ್ಲದ್ದರಿಂದ ನಗುವೆಲ್ಲ ಕಣ್ಣಿನಿಂದ ಇಳಿಯಿತು. ಆಶೀರ್ವಾದ ಕೇಳಲಿಕ್ಕೆ ಎಲ್ಲರಿಗಿಂತ ಮೊದಲು ಅವರ ಮುಂದೆಯೇ ಬಗ್ಗಿದೆ. ತಲೆ ಮೇಲೆ ಕೈ ಇಟ್ಟರು, ತುಂಬಾ ಹೊತ್ತು ತೆಗೆಯಲಿಲ್ಲ.

ಆ ನಿಯಮ ಸರಿ ಎಂದು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಇಲ್ಲ. ದೇವರೂ ಒಪ್ಪಿರಲಿಕ್ಕಿಲ್ಲ. ಯಾರೋ ಬರಬಹುದೆಂದು ಸೀಟು ಹಿಡಿಯುವ ಬುದ್ಧಿಯನ್ನು ಬಾಪ್ಪುವಿಗೆ ಕೊಟ್ಟವನು, ನನ್ನ ಮಗುವಿಗೆ ಒಂದು ಜಾಗ ಹಿಡಿಯದೆ ಇರುತ್ತಾನಾ?

ಮರುದಿನ ಬೆಳಿಗ್ಗೆ ಆ ಬೈರಾಸನ್ನು ಸಾಬೂನು ಹಾಕಿ ಒಗೆದು ಬೇಲಿಗೆ ಹರಡಿದೆ. ಇಗರ್ಜಿಯ ಗಂಟೆ ಹೊಡೆಯಿತು, ಹೊರಟೆ. ಮೊದಲು ಗೋಡೆಯಾಚೆ ಗೇರುಮರದ ಬುಡಕ್ಕೆ ಹೋದೆ, ಆಮೇಲೆ ಒಳಗೆ.