ಮನಸ್ಸು ಓದುವ ಮೌಸ್

ಪಕ್ಕದ ಮನೆಯ ಚನ್ನವೀರಪ್ಪ ತನ್ನ ಹೊಸ ಮೌಸನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟಾಗಲೇ ನೀಲಾಂಬಿಕಾ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಳು.

“ಸುಮ್ಮನ ಕೈ ಇಡ್ರಿ ಅಕ್ಕಾರ. ಮನಸ್ಸಿನ್ಯಾಗ ಯಾವುದು ಜೋರ್ ಐತಿ, ಅದನ್ನ ಇದು ತಾನ ಒತ್ತತೈತಿ.”

ಅವಳ ಕಷ್ಟ ಅವನಿಗೆ ಗೊತ್ತಿತ್ತು. ಶಿಶುವಿಹಾರದ ಶಿಕ್ಷಕಿಯಾಗಲು ಆನ್‌ಲೈನ್ ಕೋರ್ಸಿಗೆ ಸೇರಿದ್ದಳು. ಮೊದಲ ಪರೀಕ್ಷೆಯೇ ಮೌಸು, ಬ್ರೌಸರ್ ಬಳಸುವುದರದು. ಕ್ಲಿಕ್ ಮಾಡು ಎಂದರೆ ಅವಳ ಬೆರಳು ತಬಲಾ ಬಾರಿಸುತ್ತಿತ್ತು. ಫೇಲಾದರೆ ಓಣಿಯ ಶಿಶುವಿಹಾರದಲ್ಲಿ ಸಿಗಬೇಕಾದ ಕೆಲಸ ತಪ್ಪಿಹೋಗುತ್ತಿತ್ತು.

ಹೊಸ ಯಂತ್ರವಲ್ಲವೇ? ಮೌಸನ್ನು ಮಗುಚಿ, ಅಡಿಯ ಕೆಂಪು ದೀಪಕ್ಕೇ ವಿಭೂತಿ ಎಳೆದು ಕುಂಕುಮವಿಟ್ಟು ಪರೀಕ್ಷೆಗೆ ಕೂತಳು.

ತೆರೆಯಲ್ಲಿ ಕಾಣಿಸಿಕೊಂಡ ಪರೀಕ್ಷೆಯ ಮೇಡಂ, ತಾವು ಹೇಳಿದ್ದನ್ನೆಲ್ಲ ಮಾಡಿ ಕೊನೆಗೆ ‘ಸಲ್ಲಿಸಿ’ ಒತ್ತಬೇಕು, ಅದಕ್ಕೆ ಮೊದಲೇ ಪುಟ ಮುಚ್ಚಿದರೆ ಫೇಲು ಎಂದರು. ನೀಲಾಂಬಿಕಾ ತನ್ನೊಳಗೇ ಗೊಣಗತೊಡಗಿದಳು. ತನ್ನ ಗೊಣಗಾಟ ಅವರಿಗೆ ಕೇಳಿಸೀತೇ ಎಂದು ಹೆದರಿದ್ದೇ ತಡ, ತೆರೆಯ ಮೇಲಿನ ಬಾಣದ ಗುರುತು ತಾನೇ ಸರಿದು ಮೈಕಿನ ಗುಂಡಿ ಒತ್ತಿತು. “ಯಪ್ಪಾ, ಈಕೀ ಮಾರಿ ನೋಡಿದ್ರ ಜ್ವರ ಬರತಾವು” ಎಂದದ್ದು ಮೇಡಂ ಕಿವಿಗೇ ಬಿತ್ತು. ನಿನ್ನೆ ತಾನು ಬ್ರೌಸರಿನಲ್ಲಿ ಹುಡುಕಿದ್ದು ಎಲ್ಲಿ ಕಂಡುಬಿಡುತ್ತದೋ ಎಂದು ಬೆವರಿದಳು. ಅದೂ ತೆರೆದುಕೊಂಡಿತು: ‘ಓದದೆ ಪಾಸಾಗುವುದು ಹೇಗೆ?’

ಮೇಡಂ ಹುಬ್ಬು ಗಂಟಿಕ್ಕಿದರು. ಆದರೆ ಮೈಕ್ ಹಾಕುವುದು, ಹಳೆಯ ಹುಡುಕಾಟ ತೆರೆಯುವುದು ಅವರು ಕೇಳಬೇಕೆಂದಿದ್ದ ಪ್ರಶ್ನೆಗಳೇ! ಎರಡಕ್ಕೂ ಸರಿ ಎಂದು ಗುರುತು ಹಾಕಿಕೊಂಡರು.

ನೀಲಾಂಬಿಕಾಳಿಗೆ ಆಗ ಅರ್ಥವಾಯಿತು. ತನ್ನ ಮನಸ್ಸಿನಲ್ಲಿ ಜೋರಾಗಿರುವುದು ಭಯ ಒಂದೇ. ಮೌಸ್ ಅದನ್ನೇ ಓದುತ್ತಿದೆ! ಅವಳ ಕಣ್ಣು ಪುಟ ಮುಚ್ಚುವ ಗುರುತಿನ ಮೇಲೆ ಬಿತ್ತು. ಬಾಣ ಅತ್ತ ಹೊರಟೇಬಿಟ್ಟಿತು. ಕೈ ತೆಗೆಯೋಣವೆಂದರೆ ಬೆರಳು ಮರಗಟ್ಟಿದ್ದವು. ಪಕ್ಕದಲ್ಲೇ ನಿಂತು ನೋಡುತ್ತಿದ್ದ ಚನ್ನವೀರಪ್ಪ, ಎಲ್ಲ ಕುಂಕುಮದ ತಪ್ಪೆಂದು ಗೊಣಗುತ್ತ ಅವಳ ಕೈಸಮೇತ ಮೌಸನ್ನೆತ್ತಿ ಧೋತರದ ಚುಂಗಿನಿಂದ ದೀಪ ಒರೆಸಿದ. ಬಾಣ ಇನ್ನೂ ಜೋರಾಗಿ ಓಡಿತು.

ಅಷ್ಟರಲ್ಲಿ ಮೇಡಂ ಅಂದರು: “ನಿಮ್ಮ ಕೈ ಬಹಳ ಚುರುಕು. ಪಾಸಾದರೆ ನಾಳೆ ಇನ್ನೂರು ಜನರ ಮುಂದೆ ಮೈಕ್ ಹಿಡಿದು ನೀವೇ ಇದನ್ನು ಕಲಿಸಬೇಕು.”

ನೀಲಾಂಬಿಕಾಳಿಗೆ ಈಗ ಫೇಲಾಗುವುದಕ್ಕಿಂತ ಪಾಸಾಗುವ ಭಯವೇ ಜೋರಾಯಿತು. ಬಾಣ ಗಕ್ಕನೆ ನಿಂತು, ಹಿಂದಿರುಗಿ, ‘ಸಲ್ಲಿಸಿ’ ಒತ್ತಿತು.

ಈಗ ಅವಳು ಶಿಶುವಿಹಾರದಲ್ಲಿದ್ದಾಳೆ. ಮೌಸನ್ನು ಹಿಂದಕ್ಕೆ ಒಯ್ಯಲು ಎಷ್ಟು ಹೇಳಿದರೂ ಚನ್ನವೀರಪ್ಪ ಅದನ್ನು ಮುಟ್ಟುವುದಿಲ್ಲ. ಅವನ ಕಂಪ್ಯೂಟರಿನಲ್ಲಿ ಹೆಂಡತಿಗೆ ವಿಡಿಯೋ ಕರೆ ಮಾಡುವ ಗುಂಡಿ ಇದೆ.