ಮೈನಸ್ ಇಪ್ಪತ್ತರಲ್ಲಿ ಸವಿತಾ

ಪೆಪ್ಟೈಡ್ ಮಾಡುವವನಿಗೆ ಹೆಣ್ಣು ಸಿಗುವುದು ಕಷ್ಟವಲ್ಲ. ಅವನು ಏನು ಮಾಡುತ್ತಾನೆ ಅಂತ ಬೀಗರಿಗೆ ಹೇಳುವುದು ಕಷ್ಟ. ನನ್ನ ಊರು ಬೈಲಹೊಂಗಲ. ಅಲ್ಲಿ ಕೆಲಸದ ಹೆಸರು ಹೇಳಿದರೆ ಸಾಕು, "ಅದು ಹತ್ತಿಗೆ ಹೊಡಿಯೋ ಎಣ್ಣಿ ಏನ್ರಿ?" ಅಂತ ಕೇಳುತ್ತಾರೆ. ಅಲ್ಲ ಅಂದರೆ ಅವರಿಗೆ ಬೇಜಾರು, ಹೌದು ಅಂದರೆ ನನಗೆ.

ನಾನಿರುವುದು ಧಾರವಾಡದ ಒಂದು ಪ್ರಯೋಗಾಲಯದಲ್ಲಿ. ಹೆಂಡತಿ ರಾಮದುರ್ಗದ ಸರಕಾರಿ ಶಾಲೆಯಲ್ಲಿ ಶಿಕ್ಷಕಿ, ತನ್ನ ತಾಯಿಯ ಜೊತೆ ಇದ್ದಾಳೆ. ಮದುವೆಯಾಗಿ ಏಳು ವರ್ಷ. ಅವಳಿಗೆ ಇತ್ತ ವರ್ಗಾವಣೆ ಇಲ್ಲ, ನನಗೆ ಅತ್ತ ಕೆಲಸವಿಲ್ಲ. ಹೀಗಾಗಿ ಇಬ್ಬರ ಸಂಸಾರ ಅರ್ಧ ಬಸ್ಸಿನಲ್ಲಿ, ಅರ್ಧ ಫೋನಿನಲ್ಲಿ. ನಗುವ ಪ್ರಸಂಗಗಳಿಗೆ ಮಾತ್ರ ಕೊರತೆ ಬಿದ್ದಿಲ್ಲ.

ಹೊಗೆ ಬಿಡುವ ಡಬ್ಬಿ

ನಾವು ಮಾಡಿದ ಪೆಪ್ಟೈಡನ್ನು ಜೀವಕೋಶಗಳ ಮೇಲೆ ಹಾಕಿ ನೋಡುವವರು ಬೆಳಗಾವಿಯಲ್ಲಿದ್ದಾರೆ. ಒಮ್ಮೆ ಬೇಸಿಗೆಯಲ್ಲಿ ಡ್ರೈ ಐಸ್ ತುಂಬಿದ ಥರ್ಮಾಕೋಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಊರು ದಾಟುವಷ್ಟರಲ್ಲಿ ಡಬ್ಬಿಯ ಸಂದಿಯಿಂದ ಬಿಳಿ ಹೊಗೆ.

ಕಂಡಕ್ಟರು ಟಿಕೆಟ್ ಕೊಡುವುದನ್ನು ಬಿಟ್ಟು ದೂರ ನಿಂತ. "ಏನ್ರೀ ಸರ, ಒಳಗ ಒಲಿ ಹಚ್ಚೀರೇನು?"

"ಒಲಿ ಅಲ್ರಿ, ಬರ್ಫ."

"ನಮ್ಮ ಊರಾಗಿನ ಬರ್ಫ ನೀರ ಬಿಡತೈತಿ. ಹೊಗಿ ಬಿಡೂದಿಲ್ಲ."

ನನ್ನ ಹಿಂದಿನ ಸೀಟು ಖಾಲಿಯಾಯಿತು. ಆಮೇಲೆ ಮುಂದಿನದು. ಕಿಟಕಿಗಳೆಲ್ಲ ತೆರೆದವು. ಪಕ್ಕದಲ್ಲಿದ್ದ ಅಜ್ಜಿ ಮಾತ್ರ ಏಳಲಿಲ್ಲ. ಸೆರಗು ಸರಿಮಾಡಿಕೊಂಡು ಡಬ್ಬಿಗೆ ಇನ್ನಷ್ಟು ಒತ್ತಿ ಕೂತಳು.

"ಯಜಮಾನ್ರ ಹೋದ ಮ್ಯಾಲ ನನ್ನ ಬಾಜು ಇಷ್ಟು ಹೊತ್ತು ಯಾರೂ ಸುಮ್ಮನ ಕುಂತಿಲ್ಲಪಾ," ಅಂದಳು. ಅದನ್ನು ನನಗೆ ಹೇಳಿದಳೋ ಡಬ್ಬಿಗೋ ತಿಳಿಯಲಿಲ್ಲ. ಕಿತ್ತೂರಿನಲ್ಲಿ ಇಳಿಯುವಾಗ ತಿರುಗಿ ನೋಡಿ ಕೇಳಿದಳು: "ನಾಳಿನೂ ಇದ ಬಸ್ಸಿಗೆ ಬರತೀಯೇನು? ಬಾಳ ತಂಪಾತು."

ಅತ್ತೆಯ ಪರೀಕ್ಷೆ

ರಾಮದುರ್ಗಕ್ಕೆ ಹೋದಾಗ ಅತ್ತೆ ಒಂದು ದಿನ ಹಿಡಿದು ಕೂರಿಸಿದರು. "ಮಂದಿ ಕೇಳತಾರ, ಅಳಿಯ ಏನು ಮಾಡತಾರಂತ. ನನಗ ತಿಳಿಯೂ ಹಂಗ ಹೇಳ್ರಿ."

ನಾನು ಹುರುಪಿನಿಂದ ಶುರು ಮಾಡಿದೆ. "ನಮ್ಮ ಮೈಯಾಗಿನ ಒಂದೊಂದು ಕೋಶದಾಗ ಪ್ರೋಟೀನುಗಳು ಇರತಾವ್ರಿ. ಒಂದು ಇನ್ನೊಂದಕ್ಕ ಸುದ್ದಿ ಮುಟ್ಟಸತೈತಿ. 'ಬೆಳಿ' ಅಂದ್ರ ಕೋಶ ಬೆಳೀತೈತಿ, 'ನಿಲ್ಲು' ಅಂದ್ರ ನಿಲ್ಲತೈತಿ. ಯಾವ ಸುದ್ದಿ ಯಾರಿಂದ ಹೋಗತೈತಿ ಅಂತ ತಿಳೀಬೇಕಂದ್ರ, ನಾವು ಒಂದು ಸಣ್ಣ ತುಣುಕು ಮಾಡಿ ಆ ಎರಡರ ನಡುವ ತೂರಸ್ತೇವಿ. ಅದಕ್ಕ ಪೆಪ್ಟೈಡ್ ಅಂತಾರ."

"ತೂರಿಸಿದ್ರ ಏನಾಗತೈತಿ?"

"ಎರಡೂ ಕೂಡೂದಿಲ್ರಿ. ಸುದ್ದಿ ಅಲ್ಲೇ ನಿಲ್ಲತೈತಿ."

ಅತ್ತೆ ಮೆಂತ್ಯೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, ಒಳಗೆ ರೊಟ್ಟಿ ಬಡಿಯುತ್ತಿದ್ದ ಮಗಳ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು.

"ಇಬ್ಬರು ಕೂಡಬಾರದಂತ ನಡುವ ಕುಂದ್ರೂದು, ಅಷ್ಟ ಹೌದಿಲ್ಲೊ? ಅದಕ್ಯಾಕ ಇಷ್ಟು ಓದಬೇಕ್ರಿ? ನಿಮ್ಮಿಬ್ಬರ ನೌಕರಿ ಏಳು ವರ್ಷದಿಂದ ಪುಕ್ಕಟ ಮಾಡಾಕತ್ತೈತಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಮೇಲೆ ಜೋರಾಯಿತು.

ಹೆಣ್ಣು ಪಸಂದಾತೇನ್ರಿ?

ಒಂದು ಶನಿವಾರ ನನ್ನ ಪೆಪ್ಟೈಡ್ ಬೇಗ ಒಣಗಿ ಪುಡಿಯಾಗಿ, ಕೆಲಸ ಮುಗಿಯಿತು. ಈ ವಾರ ಬರುವುದಾಗುವುದಿಲ್ಲ ಅಂತ ಹೆಂಡತಿಗೆ ಆಗಲೇ ಹೇಳಿಯಾಗಿತ್ತು. ಹೇಳದೆ ಹೋಗಿ ಬಾಗಿಲಲ್ಲಿ ನಿಲ್ಲೋಣ ಅಂದುಕೊಂಡು ರಾಮದುರ್ಗದ ಬಸ್ಸು ಹಿಡಿದೆ. ಹುಣ್ಣಿಮೆ ಹತ್ತಿರವಿತ್ತು. ಸವದತ್ತಿಯಲ್ಲಿ ದೇವಿಯ ಗುಡ್ಡಕ್ಕೆ ಹೋಗುವ ಜನ ಎಷ್ಟಿತ್ತೆಂದರೆ ಪಕ್ಕದ ಬಸ್ಸಿನಲ್ಲಿ ಯಾರಿದ್ದಾರೆ ಅನ್ನುವುದೂ ಕಾಣುತ್ತಿರಲಿಲ್ಲ.

ರಾಮದುರ್ಗದಲ್ಲಿ ಬಾಗಿಲು ತೆರೆದ ಅತ್ತೆ ಬಾಯಿಗೆ ಸೆರಗು ಹಿಡಿದರು. "ಅಯ್ಯ, ನೀವಿಲ್ಲಿ! ನಿಮಗ ಹೇಳದ ಬಂದು ನಿಲ್ಲತೇನಂತ ಆಕಿ ಧಾರವಾಡಕ್ಕ ಹೋದ್ಲಲ್ರಿ!"

ಫೋನು ಮಾಡಿದೆ. "ನಿಮ್ಮ ಖೋಲಿ ಮುಂದ ಕೀಲಿ ನೋಡಕೋತ ಕುಂತೇನಿ," ಅಂದಳು. ಪಕ್ಕದ ಮನೆಯವರ ಹತ್ತಿರ ಕೀಲಿಕೈ ಇದೆ ಅಂದೆ. ಸ್ವಲ್ಪ ಹೊತ್ತಿಗೆ ಅವಳೇ ಫೋನು ಮಾಡಿದಳು. "ಒಳಗ ಬಂದೆ. ನಿಮ್ಮ ದಿಂಬು ಐತಿ, ಚಪ್ಪಲಿ ಐತಿ, ನೀವಿಲ್ಲ. ಅಲ್ಲಿ ಬದನಿಕಾಯಿ ಪಲ್ಯ ಐತಿ, ಉಣ್ರಿ."

ಉಂಡೆ. ಅವಳೇ ಮಾಡಿಟ್ಟು ಹೋದ ಪಲ್ಯ. ಅಷ್ಟು ರುಚಿಯ ಊಟ ಅಷ್ಟು ಕಷ್ಟಪಟ್ಟು ಇಳಿದದ್ದು ಅದೇ ಮೊದಲು.

ಮರುದಿನ ಇಬ್ಬರೂ ಸವದತ್ತಿ ಬಸ್ ನಿಲ್ದಾಣದಲ್ಲಿ ಇಳಿಯುವುದು ಅಂತ ಮಾತಾಯಿತು. ಸಿಕ್ಕಿದ್ದು ಒಂದು ತಾಸು. ಹೇಳಬೇಕಾದದ್ದು ಬೆಟ್ಟದಷ್ಟಿತ್ತು, ಅದಕ್ಕೇ ಇಬ್ಬರೂ ಏನೂ ಮಾತಾಡಲಿಲ್ಲ. ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ನಾನು, ನಡುವೆ ಗಿರ್ಮಿಟ್ಟಿನ ತಟ್ಟೆ. ಚಹಾದವನು ಎರಡನೇ ಸಲ ಚಹಾ ತಂದಾಗ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ: "ಹೆಣ್ಣು ಪಸಂದಾತೇನ್ರಿ?"

"ಏಳು ವರ್ಷದ ಹಿಂದನ ಆಗೇತಪಾ," ಅಂದೆ.

"ಹಂಗಾರ ಯಾಕ ತಡಾ ಮಾಡ್ತೀರಿ? ಮನಿಗೆ ಕರಕೊಂಡು ಹೋಗ್ರಿ!"

ಆರು ಅಕ್ಷರ

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಸರ. ಮಣಿ ಪೋಣಿಸಿದ ಹಾಗೆ ಒಂದರ ಹಿಂದೊಂದು ಕೂಡಿಸುತ್ತೇವೆ. ಒಂದೊಂದು ಆಮ್ಲಕ್ಕೂ ಒಂದೊಂದು ಇಂಗ್ಲಿಷ್ ಅಕ್ಷರದ ಗುರುತು. ಈಚೆಗೆ ಈ ಸರ ಪೋಣಿಸುವ ನಮ್ಮ ಯಂತ್ರ ರಿಪೇರಿಯಾಗಿ ಬಂತು. ಏನಾದರೂ ಚಿಕ್ಕದು ಮಾಡಿ ಪರೀಕ್ಷಿಸು ಅಂದರು ನಮ್ಮ ಮುಖ್ಯಸ್ಥರು. ನಾನು ಯಂತ್ರಕ್ಕೆ ಎಸ್, ಎ, ವಿ, ಐ, ಟಿ, ಎ ಅಂತ ಒತ್ತಿದೆ. ನನ್ನ ಹೆಂಡತಿಯ ಹೆಸರು ಸವಿತಾ. ಆರೂ ಅಕ್ಷರ ಪಟ್ಟಿಯಲ್ಲಿದ್ದವು. ನನ್ನ ಹೆಸರು ಬಿ ಅಕ್ಷರದಿಂದ ಶುರುವಾಗುತ್ತದೆ, ಅದು ಪಟ್ಟಿಯಲ್ಲೇ ಇಲ್ಲ.

ವಾರದ ಮೇಲೆ ಮುಖ್ಯಸ್ಥರು ಫ್ರೀಜರ್ ತೆರೆದು ಶೀಶೆ ಎತ್ತಿ ಹಿಡಿದರು. "ಈ ಸವಿತಾ ಯಾವ ಪ್ರೋಟೀನಿಗೆ ಅಂಟತೈತಿ?"

"ಇನ್ನೂ ಗೊತ್ತಾಗಿಲ್ರಿ ಸರ್."

ಅವರು ಕನ್ನಡಕದ ಮೇಲಿಂದ ನೋಡಿದರು. "ನನಗ ಗೊತ್ತಾತು. ತಗೊಂಡು ಮನಿಗೆ ಹೋಗು. ಸೋಮವಾರನೂ ಬರಬ್ಯಾಡ, ರಜಾ."

ರಾಮದುರ್ಗ ಮುಟ್ಟಿದಾಗ ಮಧ್ಯಾಹ್ನ, ಕಲ್ಲು ಕಾದ ಹೊತ್ತು. ಹೆಂಡತಿ ಆಗಷ್ಟೇ ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ನಡೆದು ಬಂದಿದ್ದಳು, ಮುಖವೆಲ್ಲ ಕೆಂಪು. ಶೀಶೆಯನ್ನು ಅವಳ ಅಂಗೈಯಲ್ಲಿಟ್ಟೆ. ತಳದಲ್ಲಿ ಒಂದು ಚಿಟಿಕೆ ಬಿಳಿ ಪುಡಿ.

"ಏನಿದು?"

"ನಿನ್ನ ಹೆಸರು. ಆ ಒಂದು ಚಿಟಿಕಿ ಒಳಗ ಎಣಸಾಕ ಆಗದಷ್ಟು ಸಲ ಐತಿ."

ಅವಳು ಬೆಳಕಿಗೆ ಹಿಡಿದು ನೋಡಿದಳು. ತುಂಬಾ ಹೊತ್ತು ನೋಡಿದಳು. ಕಣ್ಣಂಚು ಒದ್ದೆಯಾಗಿತ್ತು. ಏಳು ವರ್ಷದಲ್ಲಿ ಇದೊಂದಾದರೂ ಸರಿಯಾದದ್ದು ಮಾಡಿದೆ ಅಂದುಕೊಂಡೆ. ಅಷ್ಟರಲ್ಲಿ ಅವಳು ಶೀಶೆ ತಿರುಗಿಸಿ ಚೀಟಿ ಓದತೊಡಗಿದಳು, ಮಕ್ಕಳಿಗೆ ಪಾಠ ಓದಿಸುವ ಹಾಗೆ, ಬಿಡಿಸಿ ಬಿಡಿಸಿ: "ಫ್ರೀಜರಿನಲ್ಲಿ, ಮೈನಸ್ ಇಪ್ಪತ್ತರಲ್ಲಿ ಇಡಬೇಕು. ಬೆಳಕು ತಾಗಿಸಬಾರದು."

ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡು ನನ್ನನ್ನು ನೋಡಿದಳು.

"ಬಾಳ ಚಲೋ ಆತು ಬಿಡ್ರಿ. ನನ್ನ ಈ ರಾಮದುರ್ಗದ ಬಿಸಲಾಗ ಬಿಟ್ಟು, ನನ್ನ ಹೆಸರನ್ನ ಧಾರವಾಡದಾಗ ತಂಪಾಗಿ ಇಟಗೊಂಡಿದ್ರಿ!"